ಕರೆದರೆ ತಿರುಗದ ಮಗು

ಹನಗೋಡಿನಿಂದ ಸ್ವಲ್ಪ ಆಚೆಗಿರುವ ಒಂದು ಊರಿನಲ್ಲಿ ಅಂಗನವಾಡಿ ಶುರುವಾದಾಗಿನಿಂದ ಸುನಂದಮ್ಮನೇ ಟೀಚರು. ಮದುವೆಯಾಗಿ ಬಂದ ಕೆಲವೇ ಕಾಲಕ್ಕೆ ಗಂಡ ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಹೆಂಗಸು ಊರಿಗೆಲ್ಲ ಇವಳೊಬ್ಬಳೇ ಎಂಬ ಕಾರಣಕ್ಕೆ ಸಿಕ್ಕ ಕೆಲಸ ಅದು. ಅದು ಅವಳಿಗೆ ಅನ್ನ ಕೊಟ್ಟಿತು. ಅದಕ್ಕಿಂತ ಹೆಚ್ಚಾಗಿ, ಅತ್ತೆ ಮನೆಯ ಮೂಲೆಯಲ್ಲಿ ಕೂತು ಸವೆಯಬೇಕಾಗಿದ್ದವಳನ್ನು ಬೀದಿಯಲ್ಲಿ ತಲೆಯೆತ್ತಿ ನಡೆಸಿತು.

ಊರಿನಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. ಬೇರೆ ಊರುಗಳ ಅಂಗನವಾಡಿಯ ಮುಂದೆ ಹಾದರೆ ಕಾಗೆ ಗೂಡಿಗೆ ಕಲ್ಲು ಬಿದ್ದಂತೆ ಗದ್ದಲ. ಸುನಂದಮ್ಮನ ಅಂಗನವಾಡಿಯಲ್ಲಿ ಮಕ್ಕಳು ಚಾಪೆಯ ಮೇಲೆ ಸಾಲಾಗಿ, ಕೈಕಟ್ಟಿ, ಬಾಯಿ ಮೇಲೆ ಬೆರಳಿಟ್ಟು ಕೂತಿರುತ್ತಿದ್ದವು. "ಸುನಂದಮ್ಮೋರ ತಾವ ಬುಟ್ಟುಬುಟ್ರೆ ಆಯ್ತು, ಎಂಥ ತರ್ಲೆ ಐಕ್ಳೂ ಸರಿಹೋಯ್ತವೆ," ಎಂದು ತಾಯಂದಿರು ಆಡಿಕೊಳ್ಳುತ್ತಿದ್ದರು. ಹಠ ಮಾಡುವ ಮಗುವನ್ನು ಮನೆಯಲ್ಲಿ ಹೆದರಿಸಲು ಅವಳ ಹೆಸರು ಹೇಳಿದರೆ ಸಾಕಾಗಿತ್ತು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಸುನಂದಮ್ಮ ಒಳಗೊಳಗೇ ಹಿಗ್ಗುತ್ತಿದ್ದಳು.

ಎರಡು ಸಾವಿರದ ಎಂಟನೇ ಇಸವಿಯಲ್ಲಿ ಮೇಲ್ವಿಚಾರಕಿ ಪವಿತ್ರಾ ಮೇಡಂ ತಿಂಗಳ ಮೀಟಿಂಗಿನಲ್ಲಿ ಒಂದು ಹೊಸ ವಿಷಯ ಹೇಳಿದರು. ಅಂಗನವಾಡಿ ಕಾರ್ಯಕರ್ತೆಯರಿಗೆ ಆನ್‌ಲೈನ್ ತರಬೇತಿ ಬಂದಿದೆ. ಹುಣಸೂರಿನಲ್ಲಿ ಒಂದು ಕಂಪ್ಯೂಟರ್ ಸೆಂಟರನ್ನು ಗೊತ್ತುಮಾಡಿದ್ದಾರೆ. ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿಗೆ ಬಂದು ಪಾಠ ನೋಡಬೇಕು, ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ಮುಗಿಸಿದವರಿಗೆ ಸರ್ಟಿಫಿಕೇಟು. ಪವಿತ್ರಾ ಮೇಡಂ ಸುನಂದಮ್ಮನಿಗಿಂತ ಬಹಳ ಚಿಕ್ಕವರು, ಪರೀಕ್ಷೆ ಬರೆದು ಕೆಲಸಕ್ಕೆ ಬಂದವರು, ಮಾತಿನಲ್ಲಿ ಚುರುಕು.

"ಆನ್‌ಲೈನಾ?" ಎಂದಳು ಪಕ್ಕದ ಊರಿನ ಟೀಚರು ಭಾಗ್ಯಮ್ಮ. "ನಮ್ಮೂರಲ್ಲಿ ಕರೆಂಟ್ ಲೈನೇ ನೆಟ್ಟಗಿಲ್ಲ ಕಣ್ರೀ ಮೇಡಂ, ಇನ್ನು ಅದ್ಯಾವ ಲೈನು?"

ಎಲ್ಲರೂ ನಕ್ಕರು. ಸುನಂದಮ್ಮನೂ ನಕ್ಕಳು. ಆದರೆ ಅವಳಿಗೆ ಒಳಗೆ ಅಳುಕು. ಇಷ್ಟು ವರ್ಷ ಮಕ್ಕಳನ್ನು ನೋಡಿಕೊಂಡ ಮೇಲೆ ತನಗೆ ಕಂಪ್ಯೂಟರು ಪಾಠ ಹೇಳುವುದೇ ಎಂಬ ಸಿಟ್ಟೂ ಸ್ವಲ್ಪ ಇತ್ತು.

ಸೆಂಟರು ಬಸ್ ಸ್ಟ್ಯಾಂಡಿನಿಂದ ಹತ್ತಿರದಲ್ಲೇ, ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲೆ. ಅದನ್ನು ನಡೆಸುತ್ತಿದ್ದ ಉಮಾಶಂಕರ ನಡುವಯಸ್ಸಿನವನು, ತಾಳ್ಮೆಯ ಮನುಷ್ಯ. ಮೌಸನ್ನು ಬಿಗಿಯಾಗಿ ಹಿಡಿದು ಮೇಲಕ್ಕೆತ್ತುತ್ತಿದ್ದ ಹೆಂಗಸರಿಗೆ, "ಎತ್ತಬೇಡಿ ಅಮ್ಮಾ, ರೊಟ್ಟಿ ತಟ್ಟೋವಾಗ ಕೈ ಆಡಿಸ್ತೀರಲ್ಲ, ಹಂಗೆ ಮೆತ್ತಗೆ," ಎಂದು ಕಲಿಸಿದ. ಒಂದು ಕಂಪ್ಯೂಟರಿಗೆ ಇಬ್ಬರು. ಸುನಂದಮ್ಮನ ಜೊತೆಗೆ ಭಾಗ್ಯಮ್ಮ. ಎರಡು ಮೂರು ಶನಿವಾರ ಕಳೆಯುವುದರೊಳಗೆ ಸುನಂದಮ್ಮನ ಕೈ ಪಳಗಿತು. ತೂಕ, ಪೌಷ್ಟಿಕ ಆಹಾರ, ಚುಚ್ಚುಮದ್ದು, ಎಲ್ಲ ಅವಳಿಗೆ ಗೊತ್ತಿದ್ದದ್ದೇ. ಉತ್ತರ ಒತ್ತಿದರೆ ತೆರೆಯ ಮೇಲೆ ಹಸಿರು ಗುರುತು ಮೂಡಿ 'ಸರಿ ಉತ್ತರ' ಎಂದು ಬರುತ್ತಿತ್ತು. ಅದನ್ನು ನೋಡಲು ಅವಳಿಗೆ ಹಿತವಾಗತೊಡಗಿತು. ಭಾಗ್ಯಮ್ಮನ ಉತ್ತರವನ್ನೂ ಇವಳೇ ಒತ್ತಿಕೊಡುವಷ್ಟಾಯಿತು.

ಒಂದು ಶನಿವಾರದ ಪಾಠ ಮಕ್ಕಳ ಕಣ್ಣು, ಕಿವಿ, ಮಾತಿನ ಬಗ್ಗೆ. ತೆರೆಯ ಮೇಲೆ ಒಂದು ಅಂಗನವಾಡಿ. ಒಬ್ಬ ಹುಡುಗ ಬೆನ್ನು ಮಾಡಿ ಕೂತು ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತಿದ್ದಾನೆ. ಅವನ ಹಿಂದೆ ಬಂದು ನಿಂತ ಟೀಚರು ಸ್ಟೀಲ್ ತಟ್ಟೆಗೆ ಚಮಚದಿಂದ ಢಣ್ಣನೆ ಹೊಡೆಯುತ್ತಾಳೆ. ಸುತ್ತಲಿದ್ದ ಮಕ್ಕಳೆಲ್ಲ ತಿರುಗುತ್ತವೆ. ಆ ಹುಡುಗ ತಿರುಗುವುದಿಲ್ಲ. ಮತ್ತೆ ಹೊಡೆಯುತ್ತಾಳೆ. ಹುಡುಗ ಇನ್ನೊಂದು ತುಂಡನ್ನು ಮೇಲಿಡುತ್ತಾನೆ.

"ಇಂಥ ಮಗುವನ್ನು ಹಠಮಾರಿ ಎಂದಾಗಲೀ ದಡ್ಡ ಎಂದಾಗಲೀ ಭಾವಿಸಬೇಡಿ," ಎಂದಿತು ಕಂಪ್ಯೂಟರಿನೊಳಗಿನ ಹೆಣ್ಣುದನಿ. "ಇದಕ್ಕೆ ನಿಮ್ಮ ದನಿ ಕೇಳುತ್ತಿಲ್ಲದೇ ಇರಬಹುದು…"

ಅಷ್ಟಕ್ಕೆ ಇಂಟರ್‌ನೆಟ್ಟು ನಿಂತುಹೋಯಿತು. ಹುಡುಗನ ಬೆನ್ನು, ಅವನ ಎಳೆಯ ಹೆಗ್ಗತ್ತು, ಎತ್ತಿದ ಪುಟ್ಟ ಕೈ, ಎಲ್ಲ ಹಾಗೇ ತೆರೆಯ ಮೇಲೆ ಅಂಟಿಕೊಂಡು ನಿಂತವು.

ಸುನಂದಮ್ಮನಿಗೆ ಧರ್ಮೇಂದ್ರ ನೆನಪಾದ.

ಊರಿನ ಕೆಳಬೀದಿಯ ಪ್ರಮೀಳಾಳ ಮಗ. ಹಿಂದಿನ ವರ್ಷದವರೆಗೂ ಅವಳ ಅಂಗನವಾಡಿಗೆ ಬರುತ್ತಿದ್ದವನು. ಕೂತ್ಕೋ ಎಂದರೆ ಕೂರುತ್ತಿರಲಿಲ್ಲ. ಬಾ ಎಂದರೆ ಬರುತ್ತಿರಲಿಲ್ಲ. ಎಲ್ಲರೂ ಪದ್ಯ ಹೇಳುವಾಗ ಅವನು ಗೋಡೆಯ ಕಡೆ ತಿರುಗಿ ಸುಣ್ಣ ಕೆರೆಯುತ್ತಿದ್ದ. ಇಡೀ ಅಂಗನವಾಡಿಯಲ್ಲಿ ಅವಳ ಮಾತಿಗೆ ಬೆಲೆ ಕೊಡದವನು ಅವನೊಬ್ಬನೇ. ಅದು ಅವಳಿಗೆ ಸಹಿಸಲಾಗಿರಲಿಲ್ಲ. "ಎಷ್ಟು ಕೊಬ್ಬು ನೋಡು ಈ ಮೊಂಡನಿಗೆ" ಎನ್ನುತ್ತ ಹಿಂದಿನಿಂದ ಹೋಗಿ ಹೆಗ್ಗತ್ತಿನ ಮೇಲೆ ಬಾರಿಸುತ್ತಿದ್ದಳು. ಆಗ ಅವನು ಬೆಚ್ಚಿಬಿದ್ದು ತಿರುಗಿ ನೋಡುತ್ತಿದ್ದ. ಆ ಪೆಟ್ಟು ಎಲ್ಲಿಂದ ಬಂತೆಂದೇ ತಿಳಿಯದವನಂತೆ ನೋಡುತ್ತಿದ್ದ. ಆ ನೋಟವನ್ನೂ ಅವಳು ನಾಟಕ ಎಂದೇ ಅಂದುಕೊಂಡಿದ್ದಳು. ಸ್ಕೇಲಿನಲ್ಲಿ ಹೊಡೆದದ್ದಿತ್ತು. ಆಹಾರದ ಮೂಟೆ ಇಡುವ ಕತ್ತಲೆ ಕೋಣೆಗೆ ಹಾಕಿ ಚಿಲಕ ಎಳೆದದ್ದಿತ್ತು. ಒಳಗಿನಿಂದ ಅವನು ಕೂಗುತ್ತಿದ್ದ. ಬೇರೆ ಮಕ್ಕಳಾದರೆ 'ಮಿಸ್ಸೂ, ಇನ್ನ ಮಾಡಕಿಲ್ಲ' ಎಂದು ಗೋಗರೆಯುತ್ತಿದ್ದವು. ಇವನ ಕೂಗಿನಲ್ಲಿ ಒಂದು ಮಾತೂ ಇರುತ್ತಿರಲಿಲ್ಲ.

"ಬಾಯಿಬಿಟ್ಟು ತಪ್ಪಾಯ್ತು ಅನ್ನು, ಬಿಡ್ತೀನಿ," ಎಂದು ಅವಳು ಮುಚ್ಚಿದ ಬಾಗಿಲಿಗೆ ಹೇಳಿದ್ದಳು.

"ಏನಾಯ್ತು ಸುನಂದಕ್ಕ?" ಭಾಗ್ಯಮ್ಮ ಭುಜ ಮುಟ್ಟಿದಳು. "ಮುಖ ಯಾಕೆ ಅಂಗಾಯ್ತು?"

"ಏನಿಲ್ಲ ಬುಡು. ಸೆಕೆ."

ನೆಟ್ಟು ಮತ್ತೆ ಬಂತು. ಪಾಠ ಮುಗಿದು ಪ್ರಶ್ನೆ ಮೂಡಿತು. ಕರೆದರೆ ತಿರುಗದ ಮಗುವನ್ನು ನೀವು ಏನು ಮಾಡುವಿರಿ? ಕೆಳಗೆ ಉತ್ತರಗಳು. ಗದರಿಸುವುದು. ಶಿಕ್ಷಿಸುವುದು. ಪೋಷಕರಿಗೆ ತಿಳಿಸಿ ಕಿವಿ ಪರೀಕ್ಷೆಗೆ ಕಳಿಸುವುದು. ಸುನಂದಮ್ಮ ಬಹಳ ಹೊತ್ತು ತೆರೆಯನ್ನೇ ನೋಡಿದಳು. ಭಾಗ್ಯಮ್ಮ, "ಒತ್ತು ಅಕ್ಕ, ಬಸ್ಸಿಗೆ ಹೊತ್ತಾಯ್ತು," ಎಂದಳು. ಒತ್ತಿದಳು. ಹಸಿರು ಗುರುತು ಬಂತು. 'ಸರಿ ಉತ್ತರ'. ಅವಳ ಕಿವಿ, ಕುತ್ತಿಗೆ ಎಲ್ಲ ಸುಟ್ಟಂತೆ ಬಿಸಿಯಾದವು.

ಸೋಮವಾರ ಅಂಗನವಾಡಿಯಲ್ಲಿ ಅವಳು ಮಕ್ಕಳ ಮುಂದೆ ಕೂತು, "ಇವತ್ತು ಎಲ್ಲರೂ ಗಲಾಟೆ ಮಾಡ್ರಪ್ಪ," ಎಂದಳು. ಒಂದು ಮಗುವೂ ಉಸಿರೆತ್ತಲಿಲ್ಲ. "ಎದ್ದು ಕುಣೀರಿ, ಕೂಗಿ, ನಾನೇನೂ ಅನ್ನಲ್ಲ." ಮಕ್ಕಳು ಅವಳ ಕೈ ನೋಡಿದವು, ಮುಖ ನೋಡಿದವು, ಬಾಯಿ ಮೇಲಿಟ್ಟ ಬೆರಳನ್ನು ಇನ್ನಷ್ಟು ಒತ್ತಿ ಹಿಡಿದವು. ಇದೇನೋ ಪರೀಕ್ಷೆಯಿರಬೇಕು, ಕೂಗಿದರೆ ಪೆಟ್ಟು ಬೀಳುತ್ತದೆ ಎಂದು ಅವು ತಿಳಿದವೆಂಬುದು ಅವಳಿಗೆ ಅರ್ಥವಾಯಿತು. ಒಲೆಯ ಮುಂದೆ ಇದ್ದ ಸಹಾಯಕಿ ಕೆಂಪಾಜಮ್ಮ, "ಯಾಕಮ್ಮ, ಉಸಾರಿಲ್ವ?" ಎಂದು ಕೇಳಿದಳು.

ಧರ್ಮೇಂದ್ರನ ಮನೆಯವರು ಊರಿನಲ್ಲಿರಲಿಲ್ಲ. ಪಿರಿಯಾಪಟ್ಟಣದ ಕಡೆ ಯಾರದೋ ಹೊಗೆಸೊಪ್ಪಿನ ತೋಟದಲ್ಲಿ ಆಳಾಗಿ ಹೋಗಿದ್ದರು. ಕೆಳಬೀದಿಯಲ್ಲಿ ಅವನ ಅಜ್ಜಿ ಚಿಕ್ಕಬೀರಮ್ಮ ಮಾತ್ರ ಇದ್ದಳು. ಅವಳನ್ನು ಕೇಳಬೇಕು ಎಂದು ಸುನಂದಮ್ಮ ದಿನಾ ಅಂದುಕೊಳ್ಳುವಳು. ಆದರೆ ಬೀದಿಯ ತಿರುವಿನ ತನಕ ಹೋದವಳು ಏನೋ ನೆಪ ಹುಡುಕಿ ವಾಪಸು ಬರುವಳು. ಹುಡುಗನಿಗೆ ಈಗ ಮಾತು ಬಂದಿರಬಹುದು, ನಾನೇ ಏನೇನೋ ಕಲ್ಪಿಸಿಕೊಂಡು ಹೆದರುತ್ತಿದ್ದೇನೆ ಎಂದು ಸಮಾಧಾನ ಮಾಡಿಕೊಳ್ಳುವಳು. ಹೀಗೇ ಒಂದು ತಿಂಗಳು ಸರಿಯಿತು. ಕೊನೆಗೆ ಚಿಕ್ಕಬೀರಮ್ಮನೇ ನೀರಿನ ನಲ್ಲಿಯ ಹತ್ತಿರ ಸಿಕ್ಕಳು.

"ನಿಮ್ಮ ಧರ್ಮ ಹೆಂಗವ್ನಜ್ಜಿ?" ಎಂದು ಕೇಳಿದಳು, ಬಿಂದಿಗೆಯ ಕಡೆ ನೋಡುತ್ತ.

"ಅವ್ನಾ? ಇನ್ನೂ ಮಾತೇ ಬರ್ಲಿಲ್ಲ ಕಣವ್ವ. ಮೂಗ ಅಂತ ಕೈ ಬುಟ್ಟವ್ರೆ. ನನ್ ಮಗಳ ಅಣೇಬರ."

ಆ ಭಾನುವಾರವೇ ಸುನಂದಮ್ಮ ಹೊರಟಳು. ಹುಣಸೂರಿಗೆ ಬಂದು, ಅಲ್ಲಿಂದ ಪಿರಿಯಾಪಟ್ಟಣದ ಬಸ್ಸು ಹಿಡಿದು, ಅಲ್ಲಿಂದಾಚೆ ಕೇಳಿಕೊಂಡು ನಡೆದಳು. ಸೊಪ್ಪು ಬೇಯಿಸುವ ಕಾಲ. ದಾರಿಯುದ್ದಕ್ಕೂ ಸೊಪ್ಪು ಹದಮಾಡುವ ಬ್ಯಾರನ್ನು ಮನೆಗಳಿಂದ ಹೊಗೆ ಏಳುತ್ತಿತ್ತು, ಹಸಿ ಹೊಗೆಸೊಪ್ಪಿನ ಕಮಟು ವಾಸನೆ ಗಂಟಲಿಗೆ ಹಿಡಿಯುತ್ತಿತ್ತು. ತೋಟದ ಶೆಡ್ಡಿನಲ್ಲಿ ಪ್ರಮೀಳಾ ಬೇರೆ ಹೆಂಗಸರ ಜೊತೆ ಕೂತು ಉದ್ದನೆಯ ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು. ಬೆರಳುಗಳು ಅಂಟಿನಿಂದ ಕಪ್ಪಾಗಿದ್ದವು. ಪಕ್ಕದಲ್ಲಿ ಚೀಲದ ಮೇಲೆ ಒಂದು ಹೆಣ್ಣುಕೂಸು ಮಲಗಿತ್ತು.

"ಅಯ್ಯೋ ಮಿಸ್ಸು! ನೀವ್ಯಾಕ್ ಇಲ್ಲೀಗಂಟ ಬಂದ್ರಿ?" ಪ್ರಮೀಳಾ ಗಾಬರಿಯಿಂದ ಎದ್ದಳು.

ಅವಳ ಹಿಂದೆ ಆಡುತ್ತಿದ್ದ ಧರ್ಮೇಂದ್ರ ತಲೆಯೆತ್ತಿದ. ಸುನಂದಮ್ಮನನ್ನು ಕಂಡ. ಕಂಡದ್ದೇ ತಡ, ಎದ್ದು ಓಡಿ ಸೌದೆ ರಾಶಿಯ ಹಿಂದೆ ಬಗ್ಗಿ ಕೂತ.

"ನೋಡಿ, ಮಿಸ್ಸು ಅಂದ್ರೆ ಈಗ್ಲೂವೆ ಎಂಗೆ ಎದರ್ತಾನೆ!" ಪ್ರಮೀಳಾ ನಕ್ಕಳು. ಸುತ್ತಲಿದ್ದ ಹೆಂಗಸರೂ ನಕ್ಕರು.

ಸುನಂದಮ್ಮ ನಗಲಿಲ್ಲ. ತನ್ನ ಕೈಚೀಲದಿಂದ ಸ್ಟೀಲ್ ತಟ್ಟೆ, ಚಮಚ ತೆಗೆದಳು. ಹುಡುಗ ಸೌದೆಯ ಸಂದಿಯಲ್ಲಿ ಇರುವೆ ನೋಡುತ್ತ ಮೈಮರೆಯುವ ತನಕ ಕಾದಳು. ಆಮೇಲೆ ಹಿಂದಿನಿಂದ ಹೋಗಿ ಢಣ್ಣನೆ ಬಾರಿಸಿದಳು. ಚೀಲದ ಮೇಲಿನ ಕೂಸು ಬೆಚ್ಚಿ ಎದ್ದು ಅಳತೊಡಗಿತು. ಧರ್ಮೇಂದ್ರ ಇರುವೆ ನೋಡುತ್ತಲೇ ಇದ್ದ. ಇನ್ನೊಂದು ಸಲ ಬಾರಿಸಿದಳು. ಆಗಲೂ ಅವನು ತಿರುಗಲಿಲ್ಲ.

"ಏನ್ ಮಿಸ್ಸು ಅದು?" ಎಂದಳು ಪ್ರಮೀಳಾ, ಕೂಸನ್ನೆತ್ತಿಕೊಂಡು.

"ಇವನು ಮೂಗ ಅಲ್ಲ ಪ್ರಮೀಳಾ. ಇವನಿಗೆ ಕಿವಿ ಕೇಳಲ್ಲ. ಕೇಳದೆ ಇದ್ರೆ ಮಾತು ಎಲ್ಲಿಂದ ಬರ್ಬೇಕು? ಮೈಸೂರಲ್ಲಿ ಇದಕ್ಕೇ ಅಂತ ಆಸ್ಪತ್ರೆ ಅದೆ. ನಾನು ಕರ್ಕೊಂಡು ಹೋಗ್ತೀನಿ."

ಪ್ರಮೀಳಾ ಮಗನನ್ನು ನೋಡಿದಳು, ಇವಳನ್ನು ನೋಡಿದಳು. ಆಮೇಲೆ ಕಪ್ಪಾದ ಕೈಗಳಿಂದಲೇ ಸುನಂದಮ್ಮನ ಕಾಲು ಮುಟ್ಟಿದಳು. "ಒಂದು ಮಗೀಗೋಸ್ಕರ ಇಷ್ಟು ದೂರ ಉಡುಕ್ಕೊಂಡು ಬಂದ್ರಲ್ಲ, ಸ್ವಂತದವ್ರೂ ಬರಕಿಲ್ಲ."

ಹೇಳಿಬಿಡಬೇಕಿತ್ತು. ಬಸ್ಸಿನಲ್ಲಿ ಬರುವಾಗ ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದ ಮಾತು ಅದು. ಆದರೆ ಸುತ್ತ ಹೆಂಗಸರು ಸೊಪ್ಪು ಬಿಟ್ಟು ಕಣ್ಣರಳಿಸಿ ನೋಡುತ್ತಿದ್ದರು. ಮೊದಲು ಹುಡುಗನಿಗೆ ಆಗಬೇಕಾದ್ದು ಆಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಹಾಗೆ ಅಂದುಕೊಳ್ಳುವಾಗಲೇ ಅದು ನೆಪ ಎಂಬುದೂ ಅವಳಿಗೆ ಗೊತ್ತಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಹುಡುಗನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಅಲ್ಲಿಯ ಡಾಕ್ಟರಮ್ಮ ಸಣ್ಣ ದನಿಯಲ್ಲಿ ಎಲ್ಲ ಬಿಡಿಸಿ ಹೇಳಿದರು. ಹುಟ್ಟಿನಿಂದಲೇ ಬಂದದ್ದು. ಪೂರಾ ಕಿವುಡಲ್ಲ, ಕಿವಿಯ ಹತ್ತಿರವೇ ಆದ ತೀರಾ ಜೋರು ಸದ್ದು ಮಾತ್ರ ಒಂದಷ್ಟು ತಿಳಿದೀತು. ಕಿವಿಗೆ ಮೆಷಿನ್ನು ಹಾಕಿ, ವಾರವಾರ ಬಂದು ಮಾತಿನ ಅಭ್ಯಾಸ ಮಾಡಿಸಿದರೆ ಒಂದು ಮಟ್ಟಕ್ಕೆ ಬರುತ್ತಾನೆ.

"ಇವನು ಎಲ್ಲಿಗೂ ಹೋಗ್ತಿರಲಿಲ್ವಾ? ಅಂಗನವಾಡಿಗೆ?" ಎಂದು ಅವರು ಕೇಳಿದರು. "ಅಲ್ಲಿ ಯಾರಾದ್ರೂ ಗಮನಿಸಿ ಆಗಲೇ ಕಳಿಸಿದ್ರೆ ಬಹಳ ಅನುಕೂಲ ಆಗ್ತಿತ್ತು. ಮಾತು ಕಲಿಯೋ ವಯಸ್ಸು ಅದು."

"ಈ ಅಮ್ಮಾರೇ ಕಂಡಿಡ್ದಿದ್ದು ಡಾಕ್ಟ್ರೇ," ಎಂದಳು ಪ್ರಮೀಳಾ, ಹೆಮ್ಮೆಯಿಂದ ಸುನಂದಮ್ಮನ ಕಡೆ ಕೈ ಮಾಡಿ. "ಇವ್ರೇ ನಮ್ ಅಂಗನವಾಡಿ ಮಿಸ್ಸು."

ಡಾಕ್ಟರಮ್ಮ ಸುನಂದಮ್ಮನನ್ನು ಒಂದು ಕ್ಷಣ ನೋಡಿದರು. ಆಮೇಲೆ ಚೀಟಿ ಬರೆಯತೊಡಗಿದರು. ಸುನಂದಮ್ಮ ನೆಲ ನೋಡಿದಳು.

ಧರ್ಮೇಂದ್ರನಿಗೆ ಮೆಷಿನ್ನು ಬಂತು. ಅದನ್ನು ಕಿವಿಗೆ ಹಾಕಿದ ದಿನ ಅವನು ತನ್ನ ಚಪ್ಪಲಿಯ ಸದ್ದಿಗೇ ಹೆದರಿ ನಿಂತದ್ದನ್ನೂ, ಆಮೇಲೆ ಬೇಕೆಂದೇ ಟಪಟಪ ಕಾಲು ಬಡಿದದ್ದನ್ನೂ ಪ್ರಮೀಳಾ ಊರಿಗೆ ಬಂದಾಗ ಕಂಡಕಂಡವರಿಗೆಲ್ಲ ಹೇಳಿದಳು. ಜೊತೆಗೆ ಸುನಂದಮ್ಮನ ಹೆಸರನ್ನೂ ಹೇಳಿದಳು. ಮಾತು ಪವಿತ್ರಾ ಮೇಡಂ ತನಕ ಹೋಯಿತು.

ಅವರು ಅಂಗನವಾಡಿಗೇ ಬಂದರು. "ಸುನಂದಮ್ಮ, ಇಂಥ ವಿಷಯ ಮುಚ್ಚಿಟ್ಟುಕೊಂಡು ಕೂತಿದ್ದೀರಲ್ಲ! ತರಬೇತಿ ನೋಡಿ ಮಗು ಹುಡುಕಿ ಹೋಗಿದ್ದೀರಿ. ಸರ್ಟಿಫಿಕೇಟು ಕೊಡೋ ದಿನ ನಮ್ಮ ಇಲಾಖೆ ಸಾಹೇಬರು ನಿಮ್ಮ ಬಗ್ಗೆ ಮಾತಾಡಬೇಕು. ಆ ತಾಯಿ ಮಗೂನೂ ಕರೆಸ್ತೀನಿ."

"ಬೇಡ ಮೇಡಂ."

"ಯಾಕೆ ಬೇಡ?"

ಅದಕ್ಕೆ ಅವಳಲ್ಲಿ ಉತ್ತರವಿತ್ತು. ಕೊಡಲಿಲ್ಲ. "ನಂಗೆ ಜನ ಸೇರಿದ ಕಡೆ ನಿಲ್ಲೋಕೆ ಆಗಲ್ಲ," ಎಂದಳು. ಪವಿತ್ರಾ ಮೇಡಂ ಅದನ್ನು ವಿನಯ ಎಂದುಕೊಂಡು ನಕ್ಕು ಹೋದರು.

ಹುಣಸೂರಿನ ಸಭಾಭವನದಲ್ಲಿ ಸಮಾರಂಭ. ತಾಲ್ಲೂಕಿನ ಟೀಚರುಗಳೆಲ್ಲ ಒಳ್ಳೆಯ ಸೀರೆಯುಟ್ಟು ಬಂದಿದ್ದರು. ಮುಂದಿನ ಸಾಲಿನಲ್ಲಿ ಪ್ರಮೀಳಾ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕದಲ್ಲಿ ಮಗನನ್ನು ಕೂರಿಸಿಕೊಂಡಿದ್ದಳು. ಧರ್ಮೇಂದ್ರನಿಗೆ ಹೊಸ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಮೈಕಿನ ಸದ್ದಿಗೆ ಅವನು ಆಗಾಗ ಕಿವಿ ಮುಟ್ಟಿಕೊಳ್ಳುತ್ತಿದ್ದ.

ಸಾಹೇಬರು ಚೆನ್ನಾಗಿ ಮಾತಾಡಿದರು. ತಂತ್ರಜ್ಞಾನ ಹಳ್ಳಿಯ ಮೂಲೆಗೂ ತಲುಪಿದ ಬಗ್ಗೆ ಹೇಳಿದರು. ಒಬ್ಬ ಸಾಮಾನ್ಯ ಕಾರ್ಯಕರ್ತೆ ಕಂಪ್ಯೂಟರಿನಲ್ಲಿ ಕಂಡದ್ದನ್ನು ಮನಸ್ಸಿಗೆ ಹಚ್ಚಿಕೊಂಡು, ಊರುಬಿಟ್ಟು ಹೋದ ಮಗುವನ್ನು ಹುಡುಕಿ, ಅದಕ್ಕೆ ಮಾತೃಸಮಾನಳಾದ ಕಥೆ ಹೇಳಿದರು. ಪ್ರತಿ ವಾಕ್ಯಕ್ಕೂ ಸುನಂದಮ್ಮ ಕುಗ್ಗಿದಳು. ಹೆಸರು ಕರೆದಾಗ ಭಾಗ್ಯಮ್ಮ ತಳ್ಳಿ ಎಬ್ಬಿಸಬೇಕಾಯಿತು. ವೇದಿಕೆ ಹತ್ತಿದಳು. ಸರ್ಟಿಫಿಕೇಟು ಕೈಗೆ ಬಂತು. ಚಪ್ಪಾಳೆ.

"ಮಗೂನೂ ಮೇಲೆ ಕರೀರಿ," ಎಂದರು ಸಾಹೇಬರು. ಪ್ರಮೀಳಾ ಮಗನನ್ನು ಎತ್ತಿ ವೇದಿಕೆಯ ಮೇಲೆ ನಿಲ್ಲಿಸಿದಳು. ಫೋಟೋದವನು, "ಅಮ್ಮಾ, ಮಗು ತಲೆ ಮೇಲೆ ಕೈ ಇಡಿ, ಇಲ್ಲಿ ನೋಡಿ," ಎಂದ.

ಸುನಂದಮ್ಮ ಕೈ ಎತ್ತಿದಳು.

ಧರ್ಮೇಂದ್ರ ತಟ್ಟನೆ ಕುಕ್ಕರಿಸಿದ. ಎರಡೂ ತೋಳುಗಳಿಂದ ಹೆಗ್ಗತ್ತನ್ನು ಮುಚ್ಚಿಕೊಂಡ. ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ, ಮುದುರಿ ಕಾದು ಕೂತ.

ಸಭೆಯಲ್ಲಿ ನಗೆ ಎದ್ದಿತು. "ನಾಚಿಕೆ, ನಾಚಿಕೆ," ಎಂದರು ಸಾಹೇಬರು ಮೈಕಿನಲ್ಲಿ. ಪವಿತ್ರಾ ಮೇಡಂ ಬಂದು ಅವನನ್ನು ಎತ್ತಿಕೊಂಡರು. ಸುನಂದಮ್ಮನ ಕೈ ಗಾಳಿಯಲ್ಲೇ ಇತ್ತು. ಅವಳು ಕೆಳಗೆ ನೋಡಿದಳು. ಇಡೀ ಸಭೆಯಲ್ಲಿ ನಗದೆ ಇದ್ದವಳು ಪ್ರಮೀಳಾ ಒಬ್ಬಳೇ. ಅವಳು ಮಗನನ್ನು ನೋಡುತ್ತಿರಲಿಲ್ಲ. ಸುನಂದಮ್ಮನ ಎತ್ತಿದ ಕೈಯನ್ನು ನೋಡುತ್ತಿದ್ದಳು.

ಊಟ ಮಾಡದೆ ಸುನಂದಮ್ಮ ಬಸ್ ಸ್ಟ್ಯಾಂಡಿಗೆ ಬಂದಳು. ಹನಗೋಡಿನ ಬಸ್ಸು ಇನ್ನೂ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಪ್ರಮೀಳಾ ಬಂದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಧರ್ಮೇಂದ್ರ. ಅವನನ್ನು ಕಲ್ಲುಬೆಂಚಿನ ಆ ತುದಿಗೆ ಕೂರಿಸಿ, ಬಾಳೆಹಣ್ಣು ಸುಲಿದು ಕೊಟ್ಟು, ಇವಳ ಮುಂದೆ ಬಂದು ನಿಂತಳು.

"ಮಿಸ್ಸು, ಒಂದ್ ಮಾತು ಕೇಳ್ತೀನಿ, ಸುಳ್ಳೇಳ್ಬ್ಯಾಡಿ. ಇವನ್ಗೆ ಒಡೀತಿದ್ರಾ?"

"ಹೂಂ."

"ಯಾತ್ರಲ್ಲಿ?"

"ಕೈಯಲ್ಲಿ. ಸ್ಕೇಲಲ್ಲಿ." ಅವಳು ಬೆಂಚಿನ ಆ ತುದಿಯ ಕಡೆ ನೋಡಿದಳು. "ಮೂಟೆ ಕೋಣೆಗೆ ಹಾಕಿ ಬಾಗಿಲೂ ಮುಚ್ಚಿದ್ದೆ. ಮೊಂಡ ಅಂದ್ಕೊಂಡಿದ್ದೆ ಕಣಮ್ಮ. ನಂಗೆ ಗೊತ್ತಿರಲಿಲ್ಲ."

ಪ್ರಮೀಳಾ ಕೂಗಾಡಲಿಲ್ಲ. ಕೂಗಾಡಿದ್ದರೆ ಸುನಂದಮ್ಮನಿಗೆ ಹಗುರಾಗುತ್ತಿತ್ತೇನೋ. ಅವಳು ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ ಹೇಳಿದಳು: "ಬೆಳಗ್ಗೆ ಎದ್ರೆ ಇವ್ನು ಕಂಬ ತಬ್ಕಂಡು ಬುಡ್ತಿರ್ಲಿಲ್ಲ. ಅಂಗನವಾಡಿಗೆ ಒಲ್ಲೆ ಅಂತ ಅಳೋನು. ನಾನು ಕಾಲ್ ಮೇಲೆ ಎರಡು ಬುಟ್ಟು ಎಳ್ಕಂಡ್ ಬತ್ತಿದ್ದೆ. ನಿಮ್ ತಾವ್ಕೆ. ನೀವು ಒಳ್ಳೇರು, ಬುದ್ಧಿ ಕಲಿಸ್ತೀರಿ ಅಂತ."

ಸುನಂದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಆಗ ಗೊತ್ತಿರ್ಲಿಲ್ಲ, ಸರಿ. ಗೊತ್ತಾದ್ ಮ್ಯಾಲೆ ಏಳ್ಬೌದಿತ್ತಲ್ಲ? ತೋಟದಲ್ಲಿ ನಿಮ್ ಕಾಲು ಮುಟ್ದೆ ನಾನು. ಅದ್ನೂ ಮುಟ್ಟಿಸ್ಕಂಡ್ರಿ."

ಬಸ್ಸು ಬಂತು. ಆ ರಾತ್ರಿ ಅವ್ವನ ಮನೆಯಲ್ಲಿ ಉಳಿಯಲು ಅದೇ ಬಸ್ಸಿಗೆ ಹೋಗಬೇಕಾಗಿದ್ದ ಪ್ರಮೀಳಾ ಹತ್ತಲಿಲ್ಲ. "ನಾವು ಇನ್ನೊಂದಕ್ಕೆ ಬತ್ತೀವಿ, ನೀವ್ ಓಗಿ," ಎಂದು ಮಗನ ಪಕ್ಕಕ್ಕೆ ಹೋಗಿ ಕೂತಳು. ಸುನಂದಮ್ಮ ಕಿಟಕಿಯ ಪಕ್ಕ ಕೂತು, ಸುರುಳಿ ಸುತ್ತಿದ ಸರ್ಟಿಫಿಕೇಟನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಹೊರಡುವ ತನಕ ಆ ಕಡೆ ತಿರುಗದೆ ಇದ್ದಳು.

ಮರುದಿನ ಅವಳು ಪವಿತ್ರಾ ಮೇಡಂ ಆಫೀಸಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟಳು. "ಇದು ನಂಗೆ ಬೇಡ ಮೇಡಂ."

ಪವಿತ್ರಾ ಮೇಡಂ ಕುರ್ಚಿಗೆ ಒರಗಿದರು. "ವರದಿ ಮೇಲಕ್ಕೆ ಹೋಗಿಬಿಟ್ಟಿದೆ ಸುನಂದಮ್ಮ," ಎಂದರು. ಆಮೇಲೆ, ಇನ್ನೂ ಸಣ್ಣ ದನಿಯಲ್ಲಿ, "ನಿಮ್ಮ ಅಂಗನವಾಡಿಗೆ ನಾನು ಎಷ್ಟು ಸಲ ಬಂದಿದ್ದೆ. ಮಕ್ಕಳು ಎಷ್ಟು ಶಿಸ್ತು ಅಂತ ಬರೆದು ಸಹಿ ಹಾಕಿದ್ದು ನಾನೇ." ಅವರು ಸುರುಳಿಯನ್ನು ಇವಳ ಕಡೆಗೇ ಸರಿಸಿದರು. "ಇಟ್ಕೊಳ್ಳಿ. ಇದಿಲ್ಲದೆ ಕೆಲಸ ಉಳಿಯಲ್ಲ. ಕಲಿತದ್ದನ್ನ ಮಾಡಿ. ಇನ್ನೇನು ಹೇಳಲಿ ನಾನು?"

ಇಟ್ಟುಕೊಂಡಳು. ಬೇರೆಯವರಂತೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಲಿಲ್ಲ. ಕೆಂಪಾಜಮ್ಮ ಕೇಳಿದಾಗ ಟ್ರಂಕಿನಲ್ಲಿದೆ ಎಂದಳು.

ಊರಿಗೆ ವಿಷಯ ಹಬ್ಬಿತು. ಯಾರೂ ಅವಳನ್ನು ಮುಖಕ್ಕೆ ಹೊಡೆದಂತೆ ಕೇಳಲಿಲ್ಲ. ಕೆಲವರು, "ಏನ್ ಬುಡಿ, ಐಕ್ಳಿಗೆ ಎರಡೇಟು ಒಡೀದೆ ಆಯ್ತದಾ?" ಎಂದು ಅವಳ ಪರವಾಗಿಯೇ ಮಾತಾಡಿದರು. ಅವರ ಮಾತು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಪ್ರಮೀಳಾ ಮತ್ತೆ ಅವಳನ್ನು ಮೈಸೂರಿಗೆ ಜೊತೆಗೆ ಕರೆಯಲಿಲ್ಲ. ಬಸ್ಸು, ಆಸ್ಪತ್ರೆ, ಚೀಟಿ ಮಾಡಿಸುವ ಜಾಗ, ಎಲ್ಲವನ್ನೂ ತಾನೇ ಕಲಿತು, ವಾರವಾರ ಮಗನನ್ನು ಕರೆದುಕೊಂಡು ಹೋಗಿಬಂದಳು. ಧರ್ಮೇಂದ್ರ ಅವ್ವ ಎಂದನಂತೆ, ನೀರು ಎಂದನಂತೆ ಎಂದು ಸುನಂದಮ್ಮನಿಗೆ ಚಿಕ್ಕಬೀರಮ್ಮನಿಂದ ತಿಳಿಯುತ್ತಿತ್ತು. ಅವಳು ಕೇಳಿ ತಲೆಯಾಡಿಸಿ ಬಿಂದಿಗೆ ಎತ್ತಿಕೊಳ್ಳುವಳು.

ಎರಡು ವರ್ಷದ ಮೇಲೆ ಪ್ರಮೀಳಾ ಮತ್ತು ಗಂಡ ತೋಟದ ಕೆಲಸ ಬಿಟ್ಟು ಊರಿಗೇ ಬಂದು ನೆಲೆಸಿದರು. ಧರ್ಮೇಂದ್ರನನ್ನು ಊರಿನ ಶಾಲೆಗೆ ಒಂದನೇ ಕ್ಲಾಸಿಗೆ ಹಾಕಿದರು. ಶಾಲೆಗೆ ಹೋಗುವ ದಾರಿ ಅಂಗನವಾಡಿಯ ಮುಂದೆಯೇ. ಅಲ್ಲಿಗೆ ಬಂದ ಕೂಡಲೇ ಅವನು ಬೀದಿ ದಾಟಿ ಆ ಮಗ್ಗುಲಿನಲ್ಲಿ ನಡೆಯುತ್ತಿದ್ದ. ಸುನಂದಮ್ಮ ಅವನು ಹೋಗುವ ಹೊತ್ತಿಗೆ ಬಾಗಿಲಿಗೆ ಬರುವುದನ್ನು ಬಿಟ್ಟಳು.

ಒಂದು ಬೆಳಗ್ಗೆ ಪ್ರಮೀಳಾ ಅಂಗನವಾಡಿಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಮಗಳು. ತೋಟದ ಶೆಡ್ಡಿನಲ್ಲಿ ಚೀಲದ ಮೇಲೆ ಮಲಗಿದ್ದ ಕೂಸೇ ಈಗ ಬೆಳೆದಿತ್ತು.

"ಈ ಊರಲ್ಲಿ ಇನ್ನೊಂದು ಅಂಗನವಾಡಿ ಇಲ್ಲ," ಎಂದಳು, ಸುನಂದಮ್ಮ ಬಾಯಿ ತೆರೆಯುವ ಮೊದಲೇ. "ಅದ್ಕೆ ಬಂದೀನಿ. ನಾನಿಲ್ಲೇ ಕುಂತಿರ್ತೀನಿ."

ಕೂತಳು. ಬಾಗಿಲ ಪಕ್ಕ, ಗೋಡೆಗೆ ಒರಗಿ. ಮಧ್ಯಾಹ್ನ ಮಕ್ಕಳು ಉಂಡು ಮನೆಗೆ ಹೋಗುವ ತನಕ ಕದಲಲಿಲ್ಲ. ಮರುದಿನವೂ ಬಂದಳು, ಅದರ ಮರುದಿನವೂ. ಸುನಂದಮ್ಮ ಪದ್ಯ ಹೇಳಿಸಿದಳು, ಹಿಟ್ಟಿನ ಉಂಡೆ ಕೊಟ್ಟಳು, ಬಿದ್ದ ಮಗುವನ್ನು ಎತ್ತಿದಳು. ಎಲ್ಲವನ್ನೂ ಆ ಕಣ್ಣುಗಳ ಮುಂದೆಯೇ ಮಾಡಿದಳು. ಒಂದು ಮಗು ಇನ್ನೊಂದರ ಕೈ ಕಚ್ಚಿದಾಗ ಅವಳ ದನಿ ತಾನಾಗಿ ಏರಿತು. ಏರಿದ ದನಿ ತನಗೇ ಕೇಳಿ ನಿಂತುಬಿಟ್ಟಳು. ಪ್ರಮೀಳಾ ಗೋಡೆ ಬಿಟ್ಟು ನೆಟ್ಟಗೆ ಕೂತಿದ್ದಳು. ಸುನಂದಮ್ಮ ಕೆಳಗೆ ಕೂತು, ಕಚ್ಚಿದ ಮಗುವಿನ ಎದುರು ಮುಖ ತಂದು, ಮೆಲ್ಲಗೆ ಮಾತಾಡಿದಳು. ಪ್ರಮೀಳಾ ಮತ್ತೆ ಗೋಡೆಗೆ ಒರಗಿದಳು.

ಹೀಗೆ ಕೆಲವು ವಾರ. ಒಂದು ದಿನ ಪ್ರಮೀಳಾ ಕೂರದೆ ಬಾಗಿಲಲ್ಲೇ ನಿಂತಳು. ಸೊಂಟಕ್ಕೆ ಕುಡುಗೋಲು ಸಿಕ್ಕಿಸಿದ್ದಳು.

"ಕುಯ್ಲು ಐತೆ. ಓಗ್ಲೇಬೇಕು."

"ಹೋಗಿ ಬಾ," ಎಂದಳು ಸುನಂದಮ್ಮ.

ಪ್ರಮೀಳಾ ಅವಳ ಮುಖವನ್ನು ನೋಡಿದಳು. ನೋಟದಲ್ಲಿ ಕ್ಷಮೆಯಿರಲಿಲ್ಲ. ಬೇರೆ ದಾರಿಯಿಲ್ಲದವಳು ದಾರಿ ನೋಡುವ ನೋಟ ಅದು. ಮಗಳ ಕೈಯನ್ನು ಬಿಡಿಸಿಕೊಂಡು, ತಿರುಗಿ ನೋಡದೆ, ಬಿರಬಿರನೆ ಬೀದಿಗಿಳಿದಳು.

ಹುಡುಗಿ ಬಾಗಿಲಿಗೆ ಓಡಿತು. "ಅವ್ವಾ, ಅವ್ವಾ" ಎಂದು ಹೊಸ್ತಿಲ ಮೇಲೆ ಬಿದ್ದು ಹೊರಳಾಡಿ ಅಳತೊಡಗಿತು. ಒಳಗಿದ್ದ ಮಕ್ಕಳೆಲ್ಲ ಆಟ ನಿಲ್ಲಿಸಿ ಸುನಂದಮ್ಮನನ್ನೇ ನೋಡಿದವು. ಎತ್ತಿಕೊಳ್ಳಲು ಅವಳು ಕೈ ಚಾಚಿದಳು. ಅರ್ಧಕ್ಕೇ ಕೈ ಹಿಂದಕ್ಕೆ ಬಂತು. ಮುಟ್ಟಬಹುದೋ ಬೇಡವೋ ಅವಳಿಗೇ ಗೊತ್ತಾಗಲಿಲ್ಲ.

"ಎತ್ಕಳಿ ಅಮ್ಮಾ, ಅತ್ತು ಅತ್ತು ಸಾಯ್ತದೆ," ಎಂದಳು ಕೆಂಪಾಜಮ್ಮ ಒಲೆಯ ಕಡೆಯಿಂದ.

ಸುನಂದಮ್ಮ ಎತ್ತಲಿಲ್ಲ. ಹೊಸ್ತಿಲ ಪಕ್ಕದಲ್ಲಿ, ಮಗುವಿನಿಂದ ಒಂದು ಮೊಳ ದೂರದಲ್ಲಿ ನೆಲಕ್ಕೆ ಕೂತಳು. ಎರಡೂ ಕೈಗಳನ್ನು ಅಂಗೈ ಮೇಲೆ ಮಾಡಿ, ಮಗುವಿಗೆ ಕಾಣುವ ಹಾಗೆ ಮಡಿಲಲ್ಲಿಟ್ಟುಕೊಂಡಳು. ಹುಡುಗಿ ಅಳುತ್ತಲೇ ಒಮ್ಮೆ ಅವಳ ಕಡೆ ನೋಡಿ, ಮತ್ತೆ ಬೀದಿಯ ಕಡೆ ತಿರುಗಿ ಅವ್ವನನ್ನು ಕೂಗಿತು. ಸುನಂದಮ್ಮ ಅಲ್ಲೇ ಕೂತಿದ್ದಳು.